100 ಎಂಬಿಪಿಎಸ್ ಇದ್ದರೂ ಮಾತು ತುಂಡಾಗುತ್ತಿದ್ದುದೇಕೆ?

ಬದಿಯಡ್ಕದ ಸಮೀಪವಿರುವ ನಮ್ಮ ಮನೆಗೆ ಫೈಬರ್ ಬಂದ ಮೇಲೂ, ಬೆಂಗಳೂರಿನ ಕಚೇರಿಯವರೊಡನೆ ಸಂಜೆ ವಿಡಿಯೋ ಸಭೆಗೆ ಕುಳಿತರೆ ನನ್ನ ಮಾತು ಅವರಿಗೆ ತುಂಡುತುಂಡಾಗಿ ಕೇಳುತ್ತಿತ್ತು. ವೇಗ ಪರೀಕ್ಷೆಯಲ್ಲಿ ಮಾತ್ರ ಸೆಕೆಂಡಿಗೆ 100 ಮೆಗಾಬಿಟ್, ಅಂದರೆ 100 ಎಂಬಿಪಿಎಸ್‌ಗೆ ಹತ್ತಿರದ ಅಂಕಿಯೇ ಬರುತ್ತಿತ್ತು. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಇದು ಸೆಕೆಂಡಿಗೆ 12.5 ಮೆಗಾಬೈಟ್; ಮೂರು ನಾಲ್ಕು ಎಂಬಿಪಿಎಸ್‌ನಲ್ಲಿ ಸಾಗುವ ವಿಡಿಯೋ ಸಭೆಗೆ ಧಾರಾಳವಾಯಿತು. ಹಾಗಾಗಿ ದೊಡ್ಡ ಪ್ಲಾನ್‌ಗೆ ಹಣ ಕಟ್ಟುವ ಮೊದಲು ಲೇಟೆನ್ಸಿಯನ್ನು, ಅಂದರೆ ಇಲ್ಲಿಂದ ಹೊರಟ ಸಂದೇಶಕ್ಕೆ ಉತ್ತರ ಮರಳಲು ಹಿಡಿಯುವ ಸಮಯವನ್ನು, ಅಳೆಯಲು ನಿಶ್ಚಯಿಸಿದೆ.

ಅಳತೆಯನ್ನು ಮನೆಯ ಒಳಗಿನಿಂದಲೇ ಆರಂಭಿಸಬೇಕು. ಲ್ಯಾಪ್‌ಟಾಪನ್ನು ವಯರಿನಲ್ಲಿ ರೌಟರ್‌ಗೆ ಜೋಡಿಸಿ, ರೌಟರ್‌ನ ವಿಳಾಸಕ್ಕೇ ಪಿಂಗ್ (ಉತ್ತರ ಕೇಳುವ ಪುಟ್ಟ ಸಂದೇಶ) ಕಳುಹಿಸಿದಾಗ ಒಂದು ಮಿಲಿಸೆಕೆಂಡಿನೊಳಗೆ ಉತ್ತರ ಬಂತು. ಅದೇ ಕೆಲಸವನ್ನು ಒಳಕೋಣೆಯಿಂದ ವೈಫೈ ಮೂಲಕ ಮಾಡಿದಾಗ ಅಂಕಿ ಒಮ್ಮೆ 4, ಒಮ್ಮೆ 70 ಎಂದು ಹಾರಾಡಿತು. ನಮ್ಮ ಕಡೆಯ ಹಳೆಯ ಮನೆಗಳ ದಪ್ಪ ಕೆಂಪುಕಲ್ಲಿನ ಗೋಡೆಗಳನ್ನು 5 ಗಿಗಾಹರ್ಟ್ಸ್‌ನ ವೈಫೈ ದಾಟುವುದು ಕಷ್ಟ, 2.4 ಗಿಗಾಹರ್ಟ್ಸ್ ಹೆಚ್ಚು ಒಳಕ್ಕೆ ಬರುತ್ತದೆ, ಆದರೆ ವೇಗ ಕಡಿಮೆ. ಅಟ್ಟದ ಮೇಲಿನಿಂದ ಒಂದು ಲ್ಯಾನ್ ವಯರ್ ಎಳೆದದ್ದರಿಂದ ಈ ಭಾಗ ಮುಗಿಯಿತು. (ತುಲಾ ತಿಂಗಳ ಗುಡುಗು ಶುರುವಾದರೆ ಆ ವಯರನ್ನೂ ಅಡಾಪ್ಟರನ್ನೂ ಕಳಚಿಡುವುದು ಕ್ಷೇಮ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ, ತಾಮ್ರ ಒಯ್ಯುತ್ತದೆ.)

ಆದರೂ ಸಂಜೆಯ ತೊಂದರೆ ಹೋಗಲಿಲ್ಲ. ಗೂಗಲ್‌ನ 8.8.8.8 ವಿಳಾಸಕ್ಕೆ ನಿಲ್ಲದೆ ಪಿಂಗ್ ಹೋಗುವಂತೆ ಮಾಡಿ ಪರದೆಯನ್ನು ನೋಡುತ್ತ ಕುಳಿತೆ. 24, 26, 25 ಎಂದು ಇಳಿಯುತ್ತಿದ್ದ ಸಾಲುಗಳು, ಮಕ್ಕಳು ಹೊರಗಿನಿಂದ ಬಂದು ಫೋನುಗಳು ವೈಫೈ ಹಿಡಿದದ್ದೇ ತಡ, 180, 390, 520ಕ್ಕೆ ಏರಿದವು. ದಿನವಿಡೀ ತೆಗೆದ ಫೋಟೋ, ವಿಡಿಯೋಗಳು ತಾವಾಗಿಯೇ ಬ್ಯಾಕಪ್ ಆಗುತ್ತಿದ್ದವು. ನಮ್ಮ ಪ್ಲಾನ್‌ನಲ್ಲಿ ಅಪ್‌ಲೋಡ್ ವೇಗ ಡೌನ್‌ಲೋಡಿಗಿಂತ ಬಹಳ ಕಡಿಮೆ. ಆ ದಾರಿ ತುಂಬಿದಾಗ ಮೋಡೆಮ್ ಮಿಕ್ಕ ಮಾಹಿತಿ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು ಬಫರಿನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಕಾಯಿಸುತ್ತದೆ; ತೋಡಿನ ಕಾಲುಸಂಕದ ಮುಂದೆ ಅಡಿಕೆ ಹೊತ್ತವರ ಸಾಲಿನ ಹಿಂದೆ ಬರಿಗೈಯವನೂ ನಿಲ್ಲಬೇಕಾಗುವಂತೆ, ನನ್ನ ಮಾತಿನ ಪುಟ್ಟ ಪ್ಯಾಕೆಟ್‌ಗಳೂ ಅಲ್ಲಿ ಕಾಯುತ್ತಿದ್ದವು. ಯಾರೂ ಬಳಸದ ಹೊತ್ತಿನಲ್ಲಿ ಮಾಡಿದ ವೇಗ ಪರೀಕ್ಷೆ ಇದನ್ನು ತೋರಿಸುವುದೇ ಇಲ್ಲ.

ರೌಟರ್‌ನ ಕ್ಯೂಒಎಸ್ (ಯಾವುದಕ್ಕೆ ಮೊದಲು ದಾರಿ ಎಂದು ನಿರ್ಧರಿಸುವ) ಆಯ್ಕೆಯಲ್ಲಿ ಅಪ್‌ಲೋಡಿನ ಮಿತಿಯನ್ನು ನಿಜವಾಗಿ ಸಿಗುವ ವೇಗದ ಶೇ. 85ಕ್ಕೆ ಇಳಿಸಿದೆ. ಆಗ ಸಾಲು ಮೋಡೆಮಿನಲ್ಲಿ ಕಟ್ಟುವ ಬದಲು ರೌಟರ್‌ನ ಹಿಡಿತದಲ್ಲಿ ಉಳಿಯುತ್ತದೆ, ಅದು ಸಣ್ಣ ಪ್ಯಾಕೆಟ್‌ಗಳಿಗೆ ಮೊದಲು ದಾರಿ ಬಿಡುತ್ತದೆ. ಬ್ಯಾಕಪ್ ತುಸು ನಿಧಾನವಾಯಿತು, ಆದರೆ ಅದು ನಡೆಯುತ್ತಿರುವಾಗಲೂ ಪಿಂಗ್ 40ರ ಆಸುಪಾಸಿನಲ್ಲಿ ನಿಂತಿತು.

ದೂರದಿಂದಾಗುವ ವಿಳಂಬಕ್ಕೆ ಈ ಉಪಾಯ ನಾಟುವುದಿಲ್ಲ. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುವುದರಿಂದ ಪ್ರತಿ ಸಾವಿರ ಕಿಲೋಮೀಟರಿಗೆ ಹೋಗಿಬರಲು 10 ಮಿಲಿಸೆಕೆಂಡು ಬೇಕೇ ಬೇಕು, ಸುತ್ತುದಾರಿಯಾದರೆ ಇನ್ನೂ ಹೆಚ್ಚು. ಸಿಂಗಾಪುರದ ಸರ್ವರ್‌ನಲ್ಲಿ ಆಟವಾಡುತ್ತ ಪ್ಲಾನ್ ದೊಡ್ಡದು ಮಾಡಿಸೋಣವೆಂದು ಹಟ ಹಿಡಿದಿದ್ದ ಮಗನಿಗೆ ಇದನ್ನು ಹೇಳಿದೆ. ಅವನು ಈಗ ಮುಂಬೈ ಸರ್ವರ್ ಆರಿಸಿಕೊಳ್ಳುತ್ತಾನೆ.