ಕಣ್ಣಿಗೆ ಸರಿ, ಹುಡುಕಿದರೆ ಇಲ್ಲ: ಕನ್ನಡ ಪಿಡಿಎಫ್ ತಿದ್ದಿದ ನನ್ನ ಅನುಭವ

ಕೊಪ್ಪಳದಲ್ಲಿ ನಾನು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಗವಿಮಠದ ಜಾತ್ರೆ ಹತ್ತಿರ ಬಂದಾಗ ಕರಪತ್ರ, ಮದುವೆಯ ಹಂಗಾಮಿನಲ್ಲಿ ಲಗ್ನಪತ್ರಿಕೆ, ಶಾಲೆಗಳು ತೆರೆಯುವಾಗ ಅರ್ಜಿ ನಮೂನೆ, ಸೆಪ್ಟೆಂಬರ್‌ನಲ್ಲಿ ಸಹಕಾರ ಸಂಘಗಳ ವಾರ್ಷಿಕ ವರದಿ, ಹೀಗೆ ವರ್ಷವಿಡೀ ಕೆಲಸ ಬರುತ್ತದೆ. ಬರುವವರಲ್ಲಿ ಬಹಳಷ್ಟು ಮಂದಿಯ ಕೈಯಲ್ಲಿ ಹಳೆಯ ಕೆಲಸದ ಪಿಡಿಎಫ್ ಮಾತ್ರ ಇರುತ್ತದೆ. ಅದನ್ನು ಕಂಪೋಸ್ ಮಾಡಿದ ಮೂಲ ಕಡತ ಯಾವ ಕಂಪ್ಯೂಟರಿನಲ್ಲಿತ್ತೋ ಯಾರಿಗೂ ನೆನಪಿರುವುದಿಲ್ಲ. ಅಂಥ ಒಂದು ಪಿಡಿಎಫ್ ತಿದ್ದಲು ಹೋಗಿ ನಾನು ಮಾಡಿದ ತಪ್ಪನ್ನೂ, ಅದನ್ನು ಸರಿಪಡಿಸುತ್ತ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿಗಳು ಪೆನ್‌ಡ್ರೈವ್ ಹಿಡಿದುಕೊಂಡು ಬಂದರು. ಅದರಲ್ಲಿ ಸದಸ್ಯರಿಗೆ ಹಂಚುವ ನಿಯಮಾವಳಿ ಪುಸ್ತಿಕೆಯ 46 ಪುಟಗಳ ಪಿಡಿಎಫ್ ಇತ್ತು. ನಮ್ಮ ಭಾಗದ ಹೆಸರು 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬುದರಿಂದ ಕಲ್ಯಾಣ ಕರ್ನಾಟಕ ಎಂದು ಬದಲಾಗಿದ್ದು, ಪುಸ್ತಿಕೆಯಲ್ಲಿ ಹಳೆಯ ಹೆಸರೇ ಉಳಿದಿತ್ತು. ಸಂಘದ ಕಚೇರಿಯ ವಿಳಾಸವೂ ಬದಲಾಗಿತ್ತು. “ಹೆಸರೊಂದು, ವಿಳಾಸೊಂದು ಬದಲು ಮಾಡಿ ನೂರು ಕಾಪಿ ತೆಗೆದುಕೊಡ್ರಿ ಸರ್, ಅರ್ಧ ತಾಸಿನ ಕೆಲಸ ಐತಿ” ಎಂದರು. ನನಗೂ ಹಾಗೆಯೇ ಅನ್ನಿಸಿತು.

ಕಡತ ತೆರೆದು ಹುಡುಕುವ ಪೆಟ್ಟಿಗೆಯಲ್ಲಿ ‘ಹೈದರಾಬಾದ್’ ಎಂದು ಟೈಪ್ ಮಾಡಿದೆ, 11 ಕಡೆ ಸಿಕ್ಕಿತು. ‘ಕರ್ನಾಟಕ’ ಎಂದು ಟೈಪ್ ಮಾಡಿದೆ, ಒಂದೂ ಸಿಗಲಿಲ್ಲ. ಪುಟದ ಮೇಲೆ ‘ಹೈದರಾಬಾದ್ ಕರ್ನಾಟಕ’ ಎಂದು ಸ್ಪಷ್ಟವಾಗಿ ಅಚ್ಚಾಗಿ ಕಾಣುತ್ತಿರುವಾಗ ‘ಕರ್ನಾಟಕ’ ಎಂಬ ಪದವೇ ಕಡತದಲ್ಲಿಲ್ಲ ಎಂದು ಕಂಪ್ಯೂಟರ್ ಹೇಳುತ್ತಿತ್ತು. ಆ ಕ್ಷಣದಲ್ಲಿ ನಾನು ಕೈ ನಿಲ್ಲಿಸಬೇಕಿತ್ತು. ಗಡಿಬಿಡಿಯಲ್ಲಿ ಅದನ್ನು ಹುಡುಕುವ ಸೌಲಭ್ಯದ ದೋಷವೆಂದು ಭಾವಿಸಿ, ಕಡತವನ್ನು ಪಿಡಿಎಫ್ ತಿದ್ದಬಲ್ಲ ಲಿಬ್ರೆಆಫೀಸ್ ಡ್ರಾ ತಂತ್ರಾಂಶದಲ್ಲಿ ತೆರೆದು, ಬೇಕಾದ ಸಾಲುಗಳನ್ನು ಮಾತ್ರ ನೋಡಿ ತಿದ್ದಿ, ಮತ್ತೆ ಪಿಡಿಎಫ್ ಮಾಡಿ ಮುದ್ರಣಕ್ಕೆ ಹಾಕಿಬಿಟ್ಟೆ.

ಮೂರು ದಿನಗಳ ನಂತರ ಸಂಘದ ಸದಸ್ಯರಾದ ನಿವೃತ್ತ ಮಾಸ್ತರರೊಬ್ಬರು ಪುಸ್ತಿಕೆ ಹಿಡಿದು ಅಂಗಡಿಗೆ ಬಂದರು. ಪೆನ್ಸಿಲ್‌ನಲ್ಲಿ ಒಂದೊಂದೇ ಪದಕ್ಕೆ ಗೆರೆ ಎಳೆದಿದ್ದರು. ‘ಸರ್ವ ಸದಸ್ಯರ ವಾರ್ಷಿಕ ಸಭೆ’ ಎಂಬುದು ‘ಸವರ್ ಸದಸ್ಯರ ವಾಷಿರ್ಕ ಸಭೆ’ ಆಗಿತ್ತು. ‘ನಿರ್ದೇಶಕ’ರು ‘ನಿದೇರ್ಶಕ’ರಾಗಿದ್ದರು. ‘ಕಾರ್ಯದರ್ಶಿ’ ಎಂಬ ಪದವಂತೂ ‘ಕಾಯರ್ದಶಿರ್’ ಎಂದಾಗಿತ್ತು. ‘ಜಿಲ್ಲೆ’ ಎಂಬಲ್ಲಿ ಲಕಾರದ ಒತ್ತು ಕಳಚಿಕೊಂಡು, ಆಧಾರವಿಲ್ಲದ ಅಕ್ಷರಕ್ಕೆ ಕಂಪ್ಯೂಟರ್ ಕೊಡುವ ಚುಕ್ಕೆಗಳ ವೃತ್ತದ ಜೊತೆ ‘ಜಿಲೆ್ಲ’ ಎಂದು ನಿಂತಿತ್ತು. “ತಮ್ಮಾ, ನೀನು ತಿದ್ದಿದ ಸಾಲು ಸರಿ ಅದಾವು. ತಿದ್ದದೇ ಇದ್ದ ಸಾಲೇ ಕೆಟ್ಟಾವು” ಎಂದು ಮಾಸ್ತರರು ಹೇಳಿದ ಮಾತು ಇಡೀ ಸಮಸ್ಯೆಯ ಬೀಗದ ಕೈಯಾಗಿತ್ತು. ನಾನು ಮುಟ್ಟದ ಸಾಲುಗಳು ಏಕೆ ಕೆಟ್ಟವು ಎಂಬ ಪ್ರಶ್ನೆಯಿಂದಲೇ ಮರುದಿನ ಕೆಲಸ ಆರಂಭಿಸಿದೆ.

ಪಿಡಿಎಫ್ ಎಂಬ ಕಡತರೂಪವನ್ನು ಅಡೋಬಿ ಸಂಸ್ಥೆ 1993ರಲ್ಲಿ ಹೊರತಂದದ್ದು, ಒಂದು ಪುಟ ಯಾವ ಯಂತ್ರದಲ್ಲಿ ತೆರೆದರೂ ಒಂದೇ ರೀತಿ ಕಾಣಬೇಕು ಎಂಬ ಉದ್ದೇಶಕ್ಕೆ. 2008ರಲ್ಲಿ ಅದು ಐಎಸ್‌ಒ 32000 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಪುಟ ಹೇಗೆ ಕಾಣಬೇಕು ಎಂಬುದೇ ಅದರ ಮುಖ್ಯ ಕಾಳಜಿಯಾದ್ದರಿಂದ, ಅದು ಪದಗಳನ್ನು ಪದಗಳಾಗಿ ಇಟ್ಟುಕೊಳ್ಳುವುದಿಲ್ಲ. ಇಂಥ ಫಾಂಟಿನ ಇಷ್ಟನೆಯ ಅಚ್ಚನ್ನು (ಅಕ್ಷರದ ಆಕಾರವನ್ನು) ಪುಟದ ಈ ಜಾಗದಲ್ಲಿ ಒತ್ತು ಎಂಬ ಸೂಚನೆಗಳನ್ನು ಇಟ್ಟುಕೊಳ್ಳುತ್ತದೆ. ಆ ಅಚ್ಚು ಯಾವ ಅಕ್ಷರ ಎಂಬುದನ್ನು ತಿಳಿಸಲು ಟು-ಯೂನಿಕೋಡ್ ಎಂಬ ಪ್ರತ್ಯೇಕ ಕೋಷ್ಟಕವಿರುತ್ತದೆ. ನಾವು ಕಣ್ಣಿನಿಂದ ನೋಡುವಾಗ ಆ ಕೋಷ್ಟಕದ ಅಗತ್ಯವೇ ಇಲ್ಲ. ಹುಡುಕುವಾಗ, ನಕಲು ಮಾಡುವಾಗ, ಬೇರೆ ತಂತ್ರಾಂಶದಲ್ಲಿ ತೆರೆದು ತಿದ್ದುವಾಗ ಮಾತ್ರ ಅದನ್ನು ಓದಲಾಗುತ್ತದೆ.

ಇಂಗ್ಲಿಷಿನಲ್ಲಿ ಅಚ್ಚಿನ ಕ್ರಮವೂ ಅಕ್ಷರದ ಕ್ರಮವೂ ಬಹುಪಾಲು ಒಂದೇ ಆದ್ದರಿಂದ ತೊಂದರೆ ಕಾಣುವುದಿಲ್ಲ. ಕನ್ನಡದಲ್ಲಿ ಹಾಗಲ್ಲ. ‘ಕರ್ನಾಟಕ’ ಎಂದು ಟೈಪ್ ಮಾಡುವಾಗ ನಾವು ಮೊದಲು ರ್ ಒತ್ತಿ ಆಮೇಲೆ ನಾ ಒತ್ತುತ್ತೇವೆ, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪದ್ಧತಿ ಕೂಡ ಉಚ್ಚಾರದ ಈ ಕ್ರಮವನ್ನೇ ಇಟ್ಟುಕೊಳ್ಳುತ್ತದೆ. ಆದರೆ ಪುಟದ ಮೇಲೆ ಅರ್ಕಾವತ್ತು ಕೂರುವುದು ನಾ ಅಕ್ಷರದ ನಂತರ. ಪಿಡಿಎಫ್‌ನಲ್ಲಿ ಅಚ್ಚುಗಳು ಕ, ನಾ, ಅರ್ಕಾವತ್ತು, ಟ, ಕ ಎಂಬ ಸಾಲಿನಲ್ಲಿ ಕೂತಿರುತ್ತವೆ. ಕೋಷ್ಟಕದಲ್ಲಿ ಅರ್ಕಾವತ್ತಿನ ಎದುರು ‘ರ್’ ಎಂದು ಬರೆದಿರುತ್ತದೆ. ಅವನ್ನು ಹಾಗೇ ಓದಿಕೊಂಡು ಹೋದರೆ ‘ಕನಾರ್ಟಕ’ ಎಂದಾಗುತ್ತದೆ, ಅಂದರೆ ಅರ್ಕಾವತ್ತು ಒಂದು ಅಕ್ಷರ ಮುಂದಕ್ಕೆ ಸರಿದು ಟಕಾರದ ನಂತರ ಕೂರುತ್ತದೆ. ‘ಜಿಲ್ಲೆ’ಯಲ್ಲಿಯೂ ಹೀಗೆಯೇ: ಎತ್ವ ಹೊತ್ತ ಲೆ ಮೊದಲು, ಕೆಳಗಿನ ಒತ್ತು ಆಮೇಲೆ. ಡ್ರಾ ತಂತ್ರಾಂಶ ಪಿಡಿಎಫ್ ತೆರೆಯುವಾಗ ಅಚ್ಚುಗಳನ್ನು ಬಿಟ್ಟು ಈ ಓದಿಕೊಂಡ ಪಠ್ಯವನ್ನೇ ಹೊಸದಾಗಿ ಜೋಡಿಸಿ ತೋರಿಸುತ್ತದೆ. ಆದ್ದರಿಂದಲೇ ನಾನು ಟೈಪ್ ಮಾಡಿದ ಹೊಸ ಸಾಲುಗಳು ಸರಿಯಾಗಿ ಉಳಿದು, ಮುಟ್ಟದ ಹಳೆಯ ಸಾಲುಗಳು ಕೆಟ್ಟಿದ್ದವು.

ಈ ಘಟನೆಯ ನಂತರ ಯಾವ ಪಿಡಿಎಫ್ ಬಂದರೂ ತಿದ್ದುವ ಮೊದಲು ಎರಡು ಪರೀಕ್ಷೆಗಳನ್ನು ಮಾಡುತ್ತೇನೆ. ಅರ್ಕಾವತ್ತೂ ಒತ್ತಕ್ಷರವೂ ಇರುವ ಒಂದು ಸಾಲನ್ನು ನಕಲು ಮಾಡಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ ಓದುವುದು ಒಂದು. ಅಕ್ರೊಬ್ಯಾಟ್ ರೀಡರ್‌ನಲ್ಲಿ ಕಂಟ್ರೋಲ್ ಮತ್ತು ಡಿ ಕೀಲಿ ಒತ್ತಿ ಫಾಂಟ್ಸ್ ಎಂಬ ಹಾಳೆಯನ್ನು ನೋಡುವುದು ಇನ್ನೊಂದು. ಆ ಪಟ್ಟಿಯಲ್ಲಿ ಫಾಂಟಿನ ಮುಂದೆ ‘ಎಂಬೆಡೆಡ್ ಸಬ್‌ಸೆಟ್’ ಎಂದಿದ್ದರೆ, ಆ ಕಡತದಲ್ಲಿ ಬಳಕೆಯಾದ ಅಚ್ಚುಗಳನ್ನು ಮಾತ್ರ ಒಳಗೆ ಸೇರಿಸಲಾಗಿದೆ ಎಂದರ್ಥ. ನೋಡಲು, ಮುದ್ರಿಸಲು ಅಷ್ಟು ಸಾಕು. ತಿದ್ದಲು ಸಾಲದು, ಹಳೆಯ ಪುಸ್ತಿಕೆಯಲ್ಲಿ ‘ಲ್ಯಾ’ ಎಂಬ ಜೋಡಣೆ ಎಲ್ಲಿಯೂ ಬಂದಿರದಿದ್ದರೆ ‘ಕಲ್ಯಾಣ’ ಎಂದು ಬರೆಯಲು ಬೇಕಾದ ಯಕಾರದ ಒತ್ತೇ ಆ ಕಡತದೊಳಗೆ ಇಲ್ಲದಿರಬಹುದು. ಆಗ ತಿದ್ದುವ ತಂತ್ರಾಂಶ ಬೇರೊಂದು ಫಾಂಟನ್ನು ತಂದು ಹಾಕುತ್ತದೆ, ಒಂದೇ ಸಾಲಿನಲ್ಲಿ ಎರಡು ಬಗೆಯ ಅಕ್ಷರ ಕಾಣುತ್ತದೆ. ಅದೇ ಫಾಂಟನ್ನು ನಮ್ಮ ಕಂಪ್ಯೂಟರಿನಲ್ಲಿ ಸ್ಥಾಪಿಸಿಕೊಂಡರೆ ಈ ಒಂದು ತೊಂದರೆ ನಿವಾರಣೆಯಾಗುತ್ತದೆ.

ಫಾಂಟ್ ಸೇರಿಸಿಯೇ ಇಲ್ಲದ ಕಡತಗಳ ಕಥೆ ಬೇರೆ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಮಾಡಿದ ಕಡತ ತೆರೆದಾಗ ಪುಟದ ತುಂಬ ರೋಮನ್ ಅಕ್ಷರಗಳು ತಲೆಯ ಮೇಲೆ ಓರೆಗೆರೆ ಹೊತ್ತು ಕಂಡರೆ ಜನ ಗಾಬರಿಯಾಗುತ್ತಾರೆ. ಆ ಫಾಂಟುಗಳು ಯೂನಿಕೋಡ್ ಬಳಸುವುದಿಲ್ಲ. ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರಗಳನ್ನು ಹೊದಿಸಿರುತ್ತವೆ. ಕಕಾರ ಅಲ್ಲಿ ದೊಡ್ಡ ‘ಪಿ’ ಮತ್ತು ಓರೆಗೆರೆಯ ‘ಎ’ ಎಂಬ ಎರಡು ಸಂಕೇತಗಳ ಜೋಡಿ, ನಕಾರದ ಜಾಗದಲ್ಲಿ ಪೌಂಡ್ ಹಣದ ಚಿಹ್ನೆ. ಫಾಂಟ್ ಇಲ್ಲದಿದ್ದರೆ ಹೊದಿಕೆ ಕಳಚಿ ಒಳಗಿನ ಸಂಕೇತ ಕಾಣುತ್ತದೆ, ಅಷ್ಟೆ. ನುಡಿ ಫಾಂಟುಗಳನ್ನು ಹಾಕಿಕೊಂಡು ಕಡತವನ್ನು ಮತ್ತೆ ತೆರೆದರೆ ಬಹಳ ಸಲ ಕನ್ನಡ ಮರಳುತ್ತದೆ. ನನ್ನ ಅನುಭವದಲ್ಲಿ, ನೋಡಲು ಇಷ್ಟು ಭಯಂಕರವಾಗಿ ಕಾಣುವ ಈ ಕಡತಗಳೇ ತಿದ್ದಲು ಹೆಚ್ಚು ಸುಲಭ. ಅವುಗಳಲ್ಲಿ ಅರ್ಕಾವತ್ತಿಗೆ ಸಾದಾ ರ್ ಅಕ್ಷರಕ್ಕಿಂತ ಬೇರೆಯದೇ ಸಂಕೇತ ಇರುವುದರಿಂದ, ನುಡಿಯಿಂದ ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶ ಅದನ್ನು ತಪ್ಪದೆ ಗುರುತಿಸಿ ಸರಿಯಾದ ಜಾಗಕ್ಕೆ ಒಯ್ಯುತ್ತದೆ.

ಸಂಘದ ಪುಸ್ತಿಕೆಗೆ ಆ ಅನುಕೂಲ ಇರಲಿಲ್ಲ. ಅದು ವರ್ಡ್‌ನಲ್ಲಿ ತುಂಗಾ ಎಂಬ ಯೂನಿಕೋಡ್ ಫಾಂಟ್ ಬಳಸಿ ಮಾಡಿದ ಕಡತವಾಗಿದ್ದು, ನಕಲು ಮಾಡಿ ತೆಗೆದ ಪಠ್ಯದಲ್ಲಿ ಅರ್ಕಾವತ್ತೂ ಸಾದಾ ರ್ ಅಕ್ಷರವೂ ಒಂದೇ ಆಗಿ ಬಂದಿದ್ದವು. ಮೊದಲು ನಾನು ಲಿಬ್ರೆಆಫೀಸ್ ರೈಟರ್‌ನ ಹುಡುಕಿ ಬದಲಿಸುವ ಸೌಲಭ್ಯದಲ್ಲಿ, ಒಂದೇ ಮಾದರಿಯ ಅಕ್ಷರಜೋಡಣೆಗಳನ್ನೆಲ್ಲ ಹಿಡಿಯುವ ಸೂತ್ರವಾದ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸಿ, ಪ್ರತಿಯೊಂದು ‘ರ್’ ಅನ್ನೂ ಅದರ ಹಿಂದಿನ ಅಕ್ಷರದ ಆಚೆಗೆ ಸರಿಸಿದೆ. ‘ವಷರ್’ ಎಂಬುದು ‘ವರ್ಷ’ ಆಯಿತು, ‘ಅಜಿರ್’ ಎಂಬುದು ‘ಅರ್ಜಿ’ ಆಯಿತು. ಆದರೆ ಸರಿಯಾಗಿಯೇ ಇದ್ದ ‘ಡಿಸೆಂಬರ್’ ‘ಡಿಸೆಂರ್ಬ’ ಎಂದೂ, ‘ಮ್ಯಾನೇಜರ್’ ‘ಮ್ಯಾನೇರ್ಜ’ ಎಂದೂ ಕೆಟ್ಟವು. ರ್ ಅಕ್ಷರದಿಂದ ಕೊನೆಗೊಳ್ಳುವ ಇಂಥ ಇಂಗ್ಲಿಷ್ ಮೂಲದ ಪದಗಳು ಸಹಕಾರ ಸಂಘದ ನಿಯಮಾವಳಿಯಲ್ಲಿ ಹೆಜ್ಜೆಗೊಂದು ಬರುತ್ತವೆ. ಯಂತ್ರಕ್ಕೆ ಅವುಗಳ ವ್ಯತ್ಯಾಸ ತಿಳಿಯುವ ದಾರಿಯೇ ಇರಲಿಲ್ಲ.

ಆಗ ಹೊಳೆದದ್ದು ಇಷ್ಟು: ಈ ಕಡತದಲ್ಲಿ ಪಠ್ಯ ತಪ್ಪಾಗಿದೆ, ಚಿತ್ರ ಸರಿಯಾಗಿದೆ; ಹಾಗಿದ್ದರೆ ಚಿತ್ರವನ್ನೇ ಓದಿಸಬೇಕು. ಮೂಲ ಪಿಡಿಎಫ್‌ನ ಪುಟಗಳನ್ನು 300 ಡಿಪಿಐ ಚಿತ್ರಗಳಾಗಿ ಮಾಡಿ, ಕನ್ನಡವನ್ನು ಗುರುತಿಸಬಲ್ಲ ಟೆಸ್ಸೆರಾಕ್ಟ್ ಎಂಬ ಮುಕ್ತ ಓಸಿಆರ್ (ಚಿತ್ರದಲ್ಲಿನ ಅಕ್ಷರಗಳನ್ನು ಓದಿ ಪಠ್ಯವಾಗಿಸುವ) ತಂತ್ರಾಂಶಕ್ಕೆ ಕೊಟ್ಟೆ. ಅರ್ಕಾವತ್ತುಗಳು ಬಹುಪಾಲು ತಮ್ಮ ಜಾಗದಲ್ಲಿಯೇ ಬಂದವು. ಬದಲಾಗಿ ಬೇರೆ ತಪ್ಪುಗಳು ಬಂದವು: ಅನುಸ್ವಾರ ಇದ್ದಲ್ಲಿ ಸೊನ್ನೆಯ ಅಂಕಿ, ಥಕಾರ ಇದ್ದಲ್ಲಿ ಧಕಾರ, ಕೋಷ್ಟಕದ ಗೆರೆಗೆ ಅಂಟಿದ್ದ ಅಂಕಿಗಳು ಮಾಯ. ಹೀಗೆ ನನ್ನ ಬಳಿ ಎರಡು ಪಠ್ಯಗಳಾದವು, ಎರಡರ ತಪ್ಪುಗಳೂ ಬೇರೆ ಬೇರೆ ಸ್ವಭಾವದವು. ರೈಟರ್‌ನಲ್ಲಿ ಎರಡು ಕಡತಗಳನ್ನು ಹೋಲಿಸುವ ಸೌಲಭ್ಯವಿದೆ. ಅದರಲ್ಲಿ ಒಂದರ ಎದುರು ಇನ್ನೊಂದನ್ನು ಇಟ್ಟು, ಎರಡೂ ಒಪ್ಪಿದ ಕಡೆ ಮುಂದೆ ಸಾಗುತ್ತ, ಒಪ್ಪದ ಕಡೆಯೆಲ್ಲ ಮೂಲ ಪುಟವನ್ನು ದೊಡ್ಡದು ಮಾಡಿ ಕಣ್ಣಿನಿಂದ ನೋಡಿ ತೀರ್ಮಾನಿಸಿದೆ. ಬಡ್ಡಿಯ ದರ, ಷೇರಿನ ಮೊತ್ತ, ಗಡುವಿನ ದಿನಾಂಕ ಇರುವ ಸಾಲುಗಳನ್ನು ಮಾತ್ರ ಎರಡೂ ಒಪ್ಪಿದ್ದರೂ ಬಿಡದೆ ಮೂಲದ ಜೊತೆ ಮತ್ತೊಮ್ಮೆ ಓದಿದೆ, ಏಕೆಂದರೆ ಸಂಘದ ನಿಯಮಾವಳಿಯಲ್ಲಿ ಒಂದು ಅಂಕಿ ತಪ್ಪಿದರೆ ಅದು ಒಬ್ಬ ಸದಸ್ಯರ ಹಣದ ವಿಷಯ. ಈ ಕೆಲಸಕ್ಕೆ ಎರಡು ಪೂರ್ತಿ ದಿನಗಳು ಹಿಡಿದವು. ಕೊನೆಯ ಪ್ರೂಫನ್ನು ಮಾಸ್ತರರೇ ಬಂದು ಓದಿಕೊಟ್ಟರು.

ಅವರು ಹಿಡಿದ ಒಂದು ತಪ್ಪು ನನಗೆ ಹೊಳೆದೇ ಇರಲಿಲ್ಲ. ಸಂಘ ಕೊಡುವ ಪ್ರತಿಭಾ ಪುರಸ್ಕಾರದ ನಿಯಮದಲ್ಲಿ ‘ರ‍್ಯಾಂಕ್’ ಎಂಬ ಪದ ಅರ್ಕಾವತ್ತಿನ ‘ರ್ಯಾಂಕ್’ ಆಗಿತ್ತು. ರಕಾರವನ್ನು ಪೂರ್ಣವಾಗಿ ಉಳಿಸಿ ಕೆಳಗೆ ಯಕಾರದ ಒತ್ತು ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಕೂಡುಚಿಹ್ನೆ ಬೇಕು, ಝಡ್‌ಡಬ್ಲ್ಯುಜೆ ಎನ್ನುತ್ತಾರೆ. ನಕಲು ಮಾಡಿದ ಪಠ್ಯದಲ್ಲಿ, ಓಸಿಆರ್ ಪಠ್ಯದಲ್ಲಿ, ಎರಡರಲ್ಲಿಯೂ ಅದು ಬಿದ್ದುಹೋಗಿತ್ತು, ಆದ್ದರಿಂದ ಹೋಲಿಕೆಯಲ್ಲಿ ವ್ಯತ್ಯಾಸವಾಗಿ ಕಾಣಲೇ ಇಲ್ಲ. ಅದೇ ರೀತಿ, ಅಕ್ಷರಗಳು ಕೂಡದಂತೆ ತಡೆಯುವ ಝಡ್‌ಡಬ್ಲ್ಯುಎನ್‌ಜೆ ಎಂಬ ಇನ್ನೊಂದು ಕಾಣದ ಚಿಹ್ನೆಯೂ ಬಿದ್ದುಹೋಗಿ ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗಿತ್ತು. ಈಗ ಇಂಥ ಪದಗಳನ್ನು ಪ್ರತ್ಯೇಕವಾಗಿ ಹುಡುಕಿ ನೋಡುತ್ತೇನೆ.

ಹೊಸ ಕಡತವನ್ನು ನೋಟೊ ಸೆರಿಫ್ ಕನ್ನಡ ಫಾಂಟಿನಲ್ಲಿ ಜೋಡಿಸಿ ರೈಟರ್‌ನಿಂದಲೇ ಪಿಡಿಎಫ್ ಮಾಡಿದೆ. ರೈಟರ್‌ನ ಹೊಸ ಆವೃತ್ತಿಗಳು ಜೋಡಣೆಗೊಂಡ ಅಚ್ಚುಗಳ ಜೊತೆ ಆಕ್ಚುಯಲ್‌ಟೆಕ್ಸ್ಟ್ ಎಂಬ ಸೌಲಭ್ಯದ ಮೂಲಕ ನಿಜವಾದ ಅಕ್ಷರಕ್ರಮವನ್ನೂ ಬರೆದಿಡುತ್ತವೆ. ಪಿಡಿಎಫ್-ಎ ಎಂಬ ಆಯ್ಕೆಗೂ ಗುರುತು ಹಾಕಿದೆ. ದಾಖಲೆಗಳನ್ನು ಬಹುಕಾಲ ಕಾಪಾಡಲು ಮಾಡಿದ ಆ ಮಾನಕದಲ್ಲಿ ಫಾಂಟುಗಳನ್ನು ಸೇರಿಸುವುದು ಕಡ್ಡಾಯ. ಹಾಗೆಂದು ಫಾಂಟ್ ಸೇರಿದ ಮಾತ್ರಕ್ಕೆ ಅಕ್ಷರಕ್ರಮ ಸರಿಯಾಗಿದೆ ಎಂದು ನಂಬಬಾರದು, ಎರಡೂ ಬೇರೆ ವಿಷಯಗಳು. ಪುಟವಿನ್ಯಾಸಕ್ಕೆ ಇನ್‌ಡಿಸೈನ್ ಬಳಸುವವರು ಪ್ಯಾರಾಗ್ರಾಫ್ ಕಂಪೋಸರ್ ಆಯ್ಕೆಯಲ್ಲಿ ವರ್ಲ್ಡ್-ರೆಡಿ ಎಂಬುದನ್ನು ಆರಿಸಿಕೊಳ್ಳದಿದ್ದರೆ ಒತ್ತಕ್ಷರಗಳು ಮೊದಲೇ ಬಿಡಿಯಾಗಿ ಬೀಳುತ್ತವೆ. ಪಠ್ಯ ತಿದ್ದುವ ಅಗತ್ಯವೇ ಇಲ್ಲದೆ, ಪರದೆಯ ಮೇಲೆ ಸರಿಯಿದ್ದು ಪ್ರಿಂಟರ್‌ನಲ್ಲಿ ಮಾತ್ರ ಚೌಕಗಳು ಬರುತ್ತಿದ್ದರೆ, ಅಕ್ರೊಬ್ಯಾಟ್ ರೀಡರ್‌ನ ಮುದ್ರಣ ಪೆಟ್ಟಿಗೆಯ ಅಡ್ವಾನ್ಸ್ಡ್ ಗುಂಡಿಯೊಳಗೆ ‘ಪ್ರಿಂಟ್ ಆಸ್ ಇಮೇಜ್’ ಎಂಬ ಗುರುತು ಹಾಕಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಹೊಸ ಪುಸ್ತಿಕೆಯ ನೂರು ಪ್ರತಿಗಳನ್ನು ನನ್ನ ಖರ್ಚಿನಲ್ಲಿಯೇ ಮುದ್ರಿಸಿ ಕೊಟ್ಟೆ. ಕಾರ್ಯದರ್ಶಿಗಳ ಪೆನ್‌ಡ್ರೈವ್‌ನಲ್ಲಿ ಈ ಸಲ ಪಿಡಿಎಫ್ ಜೊತೆಗೆ ರೈಟರ್‌ನ ಮೂಲ ಕಡತವನ್ನೂ ಬಳಸಿದ ಫಾಂಟಿನ ಕಡತವನ್ನೂ ಒಂದೇ ಫೋಲ್ಡರ್‌ನಲ್ಲಿ ಇಟ್ಟು, ಫೋಲ್ಡರ್‌ಗೆ ಸಂಘದ ಹೆಸರನ್ನೂ ವರ್ಷವನ್ನೂ ಬರೆದೆ. ಅವರ ಎದುರಿಗೇ ಪಿಡಿಎಫ್ ತೆರೆದು ‘ಕರ್ನಾಟಕ’ ಎಂದು ಹುಡುಕಿದೆ, ಆಮೇಲೆ ‘ಕಾರ್ಯದರ್ಶಿ’ ಎಂದು ಹುಡುಕಿದೆ; ಎರಡೂ ಸಿಕ್ಕವು. ಕೆಟ್ಟ ಪುಸ್ತಿಕೆಯ ಪ್ರತಿಗಳಲ್ಲಿ ಅಷ್ಟರೊಳಗೆ ಹಂಚಿಹೋಗಿದ್ದವು 40, ಅವುಗಳಲ್ಲಿ 37 ವಾಪಸ್ ಬಂದಿವೆ. ಉಳಿದ ಮೂರನ್ನು ಮುಂದಿನ ಸಭೆಗೆ ಸದಸ್ಯರು ಬಂದಾಗ ಕೇಳಿ ಪಡೆಯುವುದಾಗಿ ಕಾರ್ಯದರ್ಶಿಗಳು ಹೇಳಿದ್ದಾರೆ.