ಮುಂದಿನ ಹಲ್ಲಿನ ಸಂದಿ: ಮುಚ್ಚುವ ಮೊದಲು ನಾನು ನೋಡುವುದು

ಮುಂದಿನ ಎರಡು ಹಲ್ಲುಗಳ ಮಧ್ಯೆ ಸಂದಿ ಇದೆ, ಮುಚ್ಚಿಕೊಡಿ ಅಂತ ಬಂದವರಿಗೆ ನಾನು ಮೊದಲ ದಿನವೇ ಕ್ಲಿಪ್ ಹಾಕುವುದಿಲ್ಲ. ಸಂದಿ ಯಾಕೆ ಬಂತು ಅಂತ ಹುಡುಕದೆ ಮುಚ್ಚಿದರೆ ಅದು ಮತ್ತೆ ಬಾಯಿ ಬಿಡುತ್ತದೆ. ಒಮ್ಮೆ ಕ್ಲಿಪ್ ಹಾಕಿಸಿ, ತೆಗೆಸಿ, ವರ್ಷ ಕಳೆಯುವುದರೊಳಗೆ ಸಂದಿ ವಾಪಸ್ ಬಂತು ಅಂತ ಎರಡನೇ ಸಲ ಚಿಕಿತ್ಸೆಗೆ ಬರುವವರನ್ನು ತುಮಕೂರಿನ ನನ್ನ ಕ್ಲಿನಿಕ್ಕಿನಲ್ಲಿ ಆಗಾಗ ನೋಡುತ್ತೇನೆ. ದುಡ್ಡೂ ಹೋಗಿರುತ್ತದೆ, ನಂಬಿಕೆಯೂ ಹೋಗಿರುತ್ತದೆ. ಅಂಥವರಿಗಾಗಿ, ಮತ್ತು ಇನ್ನೂ ಶುರು ಮಾಡದವರಿಗಾಗಿ, ಒಬ್ಬರ ಚಿಕಿತ್ಸೆಯನ್ನು ಮೊದಲಿಂದ ಹೇಳುತ್ತೇನೆ.

ಅವರು ಪಾವಗಡದ ಕಡೆಯವರು, ಪ್ರೈಮರಿ ಶಾಲೆಯ ಟೀಚರ್. ವಯಸ್ಸು ಇಪ್ಪತ್ತೈದರ ಆಸುಪಾಸು. ಮೇಲಿನ ಎರಡು ಹಲ್ಲುಗಳ ಮಧ್ಯೆ 3 ಮಿಲಿಮೀಟರ್ ಸಂದಿ. ನೋಡಲು ಚೆನ್ನಾಗಿಲ್ಲ ಅನ್ನುವುದಕ್ಕಿಂತ, 'ಸ' ಮತ್ತು 'ಶ' ಹೇಳುವಾಗ ಗಾಳಿ ನುಗ್ಗುತ್ತದೆ ಅನ್ನುವುದೇ ಅವರಿಗೆ ದೊಡ್ಡ ತೊಂದರೆಯಾಗಿತ್ತು. ದಿನವಿಡೀ ಪಾಠ ಹೇಳುವವರಿಗೆ ಅದು ಸಣ್ಣ ವಿಷಯವಲ್ಲ.

ಮೊದಲು ಮೇಲ್ತುಟಿಯನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆದು ನೋಡಿದೆ. ತುಟಿಯ ಒಳಭಾಗದಿಂದ ಒಸಡಿಗೆ ಒಂದು ತೆಳು ಪಟ್ಟಿ ಬರುತ್ತದೆ. ನಿಮ್ಮ ನಾಲಿಗೆಗೂ ಅದು ತಾಗುತ್ತದೆ, ನೋಡಿಕೊಳ್ಳಿ. ಸಾಮಾನ್ಯವಾಗಿ ಅದು ಹಲ್ಲಿನಿಂದ ಸಾಕಷ್ಟು ಮೇಲೆಯೇ ನಿಲ್ಲುತ್ತದೆ. ಇವರಲ್ಲಿ ಅದು ದಪ್ಪವಾಗಿತ್ತು, ಎರಡು ಹಲ್ಲುಗಳ ಮಧ್ಯದ ಒಸಡಿನ ತುದಿಯವರೆಗೂ ಇಳಿದಿತ್ತು. ತುಟಿ ಎಳೆದಾಗ ಹಲ್ಲಿನ ಹಿಂದಿನ ಒಸಡು ಕೂಡ ಬಿಳಿಚಿಕೊಂಡಿತು. ಪಟ್ಟಿಯ ನಾರುಗಳು ಹಲ್ಲುಗಳ ಮಧ್ಯೆ ಹಾದು ಹಿಂದಕ್ಕೆ ಹೋಗಿವೆ ಅನ್ನುವುದಕ್ಕೆ ಅದು ಗುರುತು. ಎಕ್ಸ್‌ರೇ ತೆಗೆದಾಗ ಎರಡು ಬೇರುಗಳ ನಡುವಿನ ಮೂಳೆಯ ತುದಿಯಲ್ಲಿ ಸಣ್ಣ ಸೀಳಿನಂಥ ತಗ್ಗು ಕಾಣಿಸಿತು. ಸಂದಿಗೆ ಈ ಪಟ್ಟಿಯೇ ಕಾರಣ ಅನ್ನುವ ಅನುಮಾನ ಗಟ್ಟಿಯಾಯಿತು.

ಇಷ್ಟಕ್ಕೇ ನಿಲ್ಲಲಿಲ್ಲ. ಒಬ್ಬರಲ್ಲೇ ಎರಡು ಮೂರು ಕಾರಣ ಸೇರಿರುವುದು ಜಾಸ್ತಿ. ಅಚ್ಚು ತೆಗೆದು ಹಲ್ಲುಗಳ ಅಗಲ ಅಳೆದೆ. ಕೆಳಗಿನ ಆರು ಮುಂದಿನ ಹಲ್ಲುಗಳ ಒಟ್ಟು ಅಗಲ, ಮೇಲಿನ ಆರರ ಒಟ್ಟು ಅಗಲದ ಸುಮಾರು 77 ಶೇಕಡಾ ಇದ್ದರೆ ಎರಡೂ ಸಾಲು ಹೊಂದಿಕೊಳ್ಳುತ್ತವೆ. ಬೋಲ್ಟನ್ ಎಂಬ ವೈದ್ಯರು 1958ರಲ್ಲಿ ಕೊಟ್ಟ ಲೆಕ್ಕ ಇದು, ಇವತ್ತಿಗೂ ನಮಗೆ ಆಧಾರ. ಮೇಲಿನ ಹಲ್ಲುಗಳೇ ಸಣ್ಣದಾಗಿದ್ದರೆ ಎಷ್ಟು ಎಳೆದರೂ ಪ್ರಯೋಜನವಿಲ್ಲ. ಒಂದು ಕಡೆ ಮುಚ್ಚಿದ ಜಾಗ ಇನ್ನೊಂದು ಕಡೆ ತೆರೆಯುತ್ತದೆ, ಇಲ್ಲವೇ ಕಚ್ಚುವುದು ಕೆಡುತ್ತದೆ. ಪಕ್ಕದ ಹಲ್ಲು ಮೊಳೆಯಂತೆ ಚೂಪಾಗಿ ಸಣ್ಣದಾಗಿರುವವರಲ್ಲಿ ಹೀಗಾಗುತ್ತದೆ. ಅವರಿಗೆ ಜಾಗವನ್ನು ಸರಿಯಾಗಿ ಹಂಚಿ, ಆ ಸಣ್ಣ ಹಲ್ಲನ್ನೇ ಕಾಂಪೊಸಿಟ್ ಎಂಬ ಹಲ್ಲಿನ ಬಣ್ಣದ ತುಂಬುವ ವಸ್ತುವಿನಿಂದ ದೊಡ್ಡದು ಮಾಡಬೇಕು. ಟೀಚರ್ ಅವರ ಅಳತೆ ಸರಿಯಾಗಿತ್ತು. ನುಂಗುವಾಗ ನಾಲಿಗೆ ಹಲ್ಲನ್ನು ಮುಂದಕ್ಕೆ ತಳ್ಳುತ್ತದೆಯೇ ಅಂತಲೂ ನೋಡಿದೆ, ಅದೂ ಇರಲಿಲ್ಲ. ಆದರೆ ಕಚ್ಚು, ಅಂದರೆ ಮೇಲಿನ ಕೆಳಗಿನ ಹಲ್ಲು ಕೂಡುವ ರೀತಿ, ಆಳವಾಗಿತ್ತು. ಬಾಯಿ ಮುಚ್ಚಿದಾಗ ಕೆಳಗಿನ ಹಲ್ಲುಗಳು ಮೇಲಿನವುಗಳ ಬೆನ್ನಿಗೆ ಒತ್ತುತ್ತಿದ್ದವು. ಅದನ್ನು ಹಾಗೇ ಬಿಟ್ಟು ಮೇಲಿನ ಸಂದಿ ಮುಚ್ಚಲು ಹೋದರೆ ಪ್ರತಿ ಊಟದಲ್ಲೂ ಕೆಳಗಿನ ಹಲ್ಲು ಅದನ್ನು ಬಿಚ್ಚುತ್ತಲೇ ಇರುತ್ತದೆ.

"ಕಾಂಪೊಸಿಟ್ ಹಾಕಿ ಒಂದೇ ದಿನದಲ್ಲಿ ಮುಚ್ಚಬಹುದಂತಲ್ವಾ ಡಾಕ್ಟ್ರೇ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಒಂದು ಮಿಲಿಮೀಟರ್ ಸಂದಿಗೆ ನಾನೇ ಅದನ್ನು ಹೇಳುತ್ತೇನೆ. ಆದರೆ ಮುಂದಿನ ಹಲ್ಲಿನ ಅಗಲ ಸುಮಾರು 8.5 ಮಿಲಿಮೀಟರ್. 3 ಮಿಲಿಮೀಟರನ್ನು ಎರಡು ಹಲ್ಲಿಗೆ ಹಂಚಿದರೆ ಒಂದೊಂದು 10 ಮಿಲಿಮೀಟರ್ ಆಗುತ್ತದೆ. ಉದ್ದ ಅಷ್ಟೇ, ಅಗಲ ಮಾತ್ರ ಜಾಸ್ತಿ. ಮುಖಕ್ಕೆ ಒಪ್ಪುವುದಿಲ್ಲ. ಲೆಕ್ಕ ಬರೆದು ತೋರಿಸಿದೆ, ಅವರೇ ಕ್ಲಿಪ್ ಆರಿಸಿಕೊಂಡರು.

ಪಾವಗಡದ ನೀರಿನ ಕತೆ ನಿಮಗೆ ಗೊತ್ತಿರಬಹುದು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅಲ್ಲಿ ಬೆಳೆದ ಮಕ್ಕಳ ಹಲ್ಲಿನಲ್ಲಿ ಬಿಳಿ ಮಚ್ಚೆ, ಕಂದು ಗೆರೆ ಸಾಮಾನ್ಯ. ಆ ಹಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ವೈರ್ ಕೂರಿಸಲು ಹಲ್ಲಿಗೆ ಅಂಟಿಸುವ ಸಣ್ಣ ತುಂಡನ್ನು ಬ್ರಾಕೆಟ್ ಅನ್ನುತ್ತೇವೆ. ಅದನ್ನು ಅಂಟಿಸುವ ಮೊದಲು ನಾವು 37 ಶೇಕಡಾ ಫಾಸ್ಫಾರಿಕ್ ಆಮ್ಲ ಹಚ್ಚಿ ಹಲ್ಲಿನ ಮೇಲ್ಮೈಯನ್ನು ಒರಟು ಮಾಡಿಕೊಳ್ಳುತ್ತೇವೆ. ಮಾಮೂಲಿ ಹಲ್ಲಿಗೆ ಅರ್ಧ ನಿಮಿಷದೊಳಗೆ ಮುಗಿಯುವ ಕೆಲಸ. ಇಂಥ ಹಲ್ಲಿಗೆ ಮೇಲ್ಪದರವನ್ನು ಸ್ವಲ್ಪ ಉಜ್ಜಿ, ಆಮ್ಲವನ್ನು ಇನ್ನೂ ಹೆಚ್ಚು ಹೊತ್ತು ಬಿಡುತ್ತೇನೆ. ಇಲ್ಲದಿದ್ದರೆ ಬ್ರಾಕೆಟ್ ಪದೇಪದೇ ಉದುರುತ್ತದೆ. ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಮಾಡುವವರು ಇದಕ್ಕೆ ತಾಳ್ಮೆ ಇಟ್ಟುಕೊಳ್ಳಲೇಬೇಕು.

ಮೇಲೆ, ಕೆಳಗೆ ಎರಡೂ ಸಾಲಿಗೆ ಬ್ರಾಕೆಟ್ ಹಾಕಿದೆ. ಕೆಳಗಿನ ಹಲ್ಲು ಮೇಲಿನವಕ್ಕೆ ಒತ್ತದಂತೆ, ದವಡೆ ಹಲ್ಲಿನ ಮೇಲೆ ಹಲ್ಲಿಗೆ ಬಳಸುವ ಸಿಮೆಂಟ್ ಸ್ವಲ್ಪ ಇಟ್ಟು ಕಚ್ಚನ್ನು ಎತ್ತಿದೆ. ಮೊದಲ ಕೆಲವು ದಿನ ಅಗಿಯಲು ಕಷ್ಟ. ಅವರಿಗೆ ಮುದ್ದೆ ಸಾರು ಕೈ ಹಿಡಿಯಿತು. ಮೊದಲು ತೆಳ್ಳಗಿನ ನಿಕಲ್ ಟೈಟಾನಿಯಂ ವೈರ್. ಅದು ಹಲ್ಲುಗಳನ್ನು ಒಂದು ಸಾಲಿಗೆ ತರುತ್ತದೆ, ಅಷ್ಟೇ. ಸಂದಿ ಹಾಗೇ ಇರುತ್ತದೆ. ಮೂರನೇ ತಿಂಗಳಿಗೆ "ಏನೂ ಆಗ್ತಾನೇ ಇಲ್ವಲ್ಲ" ಅಂತ ಎಲ್ಲರೂ ಕೇಳುತ್ತಾರೆ. ಟೀಚರ್ ಕೂಡ ಕೇಳಿದರು. ಆದರೆ ಆ ತೆಳು ವೈರಿನ ಮೇಲೆ ಎಳೆಯಬಾರದು. ಗದ್ದೆಯಲ್ಲಿ ನೆಟ್ಟ ಗೂಟದ ತುದಿಗೆ ಹಗ್ಗ ಕಟ್ಟಿ ಎಳೆದರೆ ಗೂಟ ವಾಲುತ್ತದೆ, ಬುಡ ಅಲ್ಲೇ ಇರುತ್ತದೆ. ಹಲ್ಲೂ ಹಾಗೆಯೇ. ಮೇಲ್ನೋಟಕ್ಕೆ ಸಂದಿ ಮುಚ್ಚಿದಂತೆ ಕಾಣುತ್ತದೆ, ಬೇರುಗಳು ದೂರವೇ ಉಳಿದಿರುತ್ತವೆ. ಕ್ಲಿಪ್ ತೆಗೆದ ಮೇಲೆ ಹಲ್ಲು ಬೇಗ ಹಿಂದಕ್ಕೆ ಹೋಗುವುದು ಇಂಥ ಕಡೆ. ಗಟ್ಟಿ ಸ್ಟೀಲ್ ವೈರ್ ಕೂರುವವರೆಗೆ ಕಾಯಬೇಕು. ಆಮೇಲೆ ಬೇರು ಸಮೇತ ಹಲ್ಲು ಆ ವೈರಿನ ಮೇಲೆ ಜಾರುತ್ತದೆ.

ಸ್ಟೀಲ್ ವೈರ್ ಕೂತ ಮೇಲೆ ಪವರ್ ಚೈನ್ ಹಾಕಿದೆ. ಸಣ್ಣ ಸಣ್ಣ ಉಂಗುರ ಜೋಡಿಸಿದಂತಿರುವ ರಬ್ಬರ್ ಪಟ್ಟಿ ಅದು. ಹಾಕಿದ ಮೊದಲ ದಿನವೇ ತನ್ನ ಎಳೆತದಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಹಾಗಂತ ಇನ್ನೂ ಬಿಗಿಯಾಗಿ ಎಳೆಯುವುದರಲ್ಲಿ ಅರ್ಥವಿಲ್ಲ. ಬೇರಿನ ಸುತ್ತ ಕಾಲು ಮಿಲಿಮೀಟರಿಗಿಂತ ಕಡಿಮೆ ದಪ್ಪದ ನಾರಿನ ಪದರ ಇದೆ. ಹಗುರ ಒತ್ತಡ ಬಿದ್ದರೆ ಒಂದು ಕಡೆ ಮೂಳೆ ಕರಗುತ್ತದೆ, ಇನ್ನೊಂದು ಕಡೆ ಹೊಸ ಮೂಳೆ ಕಟ್ಟುತ್ತದೆ. ಜಾಸ್ತಿ ಒತ್ತಿದರೆ ಅಲ್ಲಿ ರಕ್ತ ಓಡಾಟವೇ ನಿಂತು ಹಲ್ಲು ಕೂತಲ್ಲೇ ಕೂರುತ್ತದೆ, ನೋವು ಮಾತ್ರ ಸಿಗುತ್ತದೆ. ತಿಂಗಳಿಗೆ ಒಂದು ಮಿಲಿಮೀಟರ್ ಆಸುಪಾಸು ಸರಿದರೆ ಅದು ಒಳ್ಳೆಯ ವೇಗ. ತಿಂಗಳಿಗೊಮ್ಮೆ ಚೈನ್ ಬದಲಿಸಿದೆ. ಮಧ್ಯೆ ಸಂಕ್ರಾಂತಿ ಬಂತು, ಕಬ್ಬು ಕಚ್ಚಿ ಎರಡು ಬ್ರಾಕೆಟ್ ಬಿಟ್ಟುಕೊಂಡವು. ಪ್ರತಿ ವರ್ಷ ಸಂಕ್ರಾಂತಿ ಮುಗಿದ ವಾರ ನನ್ನ ಕ್ಲಿನಿಕ್ಕಿನಲ್ಲಿ ಬ್ರಾಕೆಟ್ ಅಂಟಿಸುವ ಕೆಲಸವೇ ಜಾಸ್ತಿ. ಕಬ್ಬು, ನಿಪ್ಪಟ್ಟು, ಚಕ್ಕುಲಿ ತಿನ್ನಲೇಬೇಕಾದರೆ ಸಣ್ಣದಾಗಿ ಮುರಿದು ಹಿಂದಿನ ಹಲ್ಲಿನಲ್ಲಿ ಅಗಿಯಿರಿ.

ಸಂದಿ ಮುಚ್ಚಿದ ಮೇಲೆ ತುಟಿಯ ಪಟ್ಟಿಯ ಸರದಿ. ಅದನ್ನು ಮೊದಲೇ ಕತ್ತರಿಸಬಹುದಿತ್ತಲ್ಲ ಅಂತ ಅನಿಸಬಹುದು. ನಾನು ಹಾಗೆ ಮಾಡುವುದಿಲ್ಲ. ಮೊದಲೇ ಕತ್ತರಿಸಿದರೆ ಅಲ್ಲಿ ಗಾಯದ ಗಟ್ಟಿ ನಾರು ಬೆಳೆಯುತ್ತದೆ, ಹಲ್ಲು ಹತ್ತಿರ ಬರಲು ಅದೇ ಅಡ್ಡಿಯಾಗುತ್ತದೆ. ಹಲ್ಲುಗಳು ಕೂಡಿದ ಮೇಲೆ ಕತ್ತರಿಸಿದರೆ ಅದೇ ಗಾಯ ವಾಸಿಯಾಗುತ್ತಾ ಅವನ್ನು ಹಿಡಿದಿಡಲು ನೆರವಾಗುತ್ತದೆ. ಒಸಡಿನ ತಜ್ಞರು ಮರಗಟ್ಟುವ ಇಂಜೆಕ್ಷನ್ ಕೊಟ್ಟು ಪಟ್ಟಿಯನ್ನು ಬಿಡಿಸಿದರು. ಅರ್ಧ ಗಂಟೆಯ ಕೆಲಸ, ಮರುದಿನ ಶಾಲೆಗೆ ಹೋದರು.

ಇನ್ನೊಂದು ವಿಷಯವನ್ನು ಶುರುವಿನಲ್ಲೇ ಹೇಳಿಟ್ಟಿದ್ದೆ. ಹಲ್ಲು ಕೂಡಿದ ಮೇಲೆ ಒಸಡಿನ ಹತ್ತಿರ ಸಣ್ಣ ಕಪ್ಪು ತ್ರಿಕೋನ ಉಳಿಯಬಹುದು. ಎರಡು ಹಲ್ಲು ತಾಗುವ ಜಾಗದಿಂದ ಮೂಳೆಯವರೆಗೆ 5 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಸಡು ಹೆಚ್ಚುಕಡಿಮೆ ಯಾವಾಗಲೂ ಆ ಜಾಗ ತುಂಬುತ್ತದೆ ಅಂತ ಟಾರ್ನೋ ಮತ್ತು ಜೊತೆಗಾರರು 1992ರಲ್ಲಿ ತೋರಿಸಿದ್ದಾರೆ. ದೂರ ಹೆಚ್ಚಾದಂತೆ ಆ ಸಾಧ್ಯತೆ ಬೇಗ ಇಳಿಯುತ್ತದೆ. ಟೀಚರ್ ಅವರಿಗೆ ಸಣ್ಣ ತ್ರಿಕೋನ ಉಳಿಯಿತು. ಎರಡೂ ಹಲ್ಲು ಒಂದಕ್ಕೊಂದು ತಾಗುವ ಬದಿಯನ್ನು ಕೂದಲೆಳೆಯಷ್ಟು ಉಜ್ಜಿ, ತಾಗುವ ಜಾಗವನ್ನು ಒಸಡಿನ ಹತ್ತಿರಕ್ಕೆ ತಂದೆ. ಮುಚ್ಚಿತು. ಎಲ್ಲ ಸೇರಿ ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯಿತು.

ಈಗ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಎಂಟು ಒಂಬತ್ತು ವರ್ಷದ ಮಗುವಿನ ಮುಂದಿನ ಹಲ್ಲು ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದರೆ ಗಾಬರಿ ಬೇಡ. ಬ್ರಾಡ್‌ಬೆಂಟ್ ಎಂಬ ವೈದ್ಯರು 1937ರಲ್ಲೇ ಈ ಹಂತವನ್ನು ವಿವರಿಸಿದ್ದರು. ಒಳಗೆ ಇಳಿಯುತ್ತಿರುವ ಕೋರೆ ಹಲ್ಲು ಪಕ್ಕದ ಬೇರುಗಳನ್ನು ತಳ್ಳುತ್ತದೆ, ಅದಕ್ಕೆ ಹಲ್ಲಿನ ತುದಿಗಳು ದೂರವಾಗುತ್ತವೆ. ಹನ್ನೊಂದು ಹನ್ನೆರಡಕ್ಕೆ ಕೋರೆ ಹಲ್ಲು ಹೊರಬಂದ ಮೇಲೆ ಸಂದಿ ತಾನಾಗಿ ಮುಚ್ಚುವುದೇ ಹೆಚ್ಚು. ಈ ವಯಸ್ಸಿನಲ್ಲಿ ಸುಮ್ನೆ ಕ್ಲಿಪ್ ಹಾಕಿ ಎಳೆದರೆ ಪಕ್ಕದ ಹಲ್ಲಿನ ಬೇರು ಕೋರೆ ಹಲ್ಲಿಗೆ ಒತ್ತಿ ಹಾಳಾಗುವ ಅಪಾಯ ಇದೆ. ಆದರೆ ಸಂದಿ 2 ಮಿಲಿಮೀಟರ್ ದಾಟಿದ್ದರೆ, ಅಥವಾ ಒಂದು ಹಲ್ಲು ಬಂದು ತಿಂಗಳುಗಳಾದರೂ ಜೋಡಿ ಹಲ್ಲು ಬರದಿದ್ದರೆ, ಎಕ್ಸ್‌ರೇ ತೆಗೆಸಿ. ಮಧ್ಯದಲ್ಲಿ ಒಂದು ಹೆಚ್ಚುವರಿ ಹಲ್ಲು ಮೂಳೆಯೊಳಗೆ ಅಡಗಿರಬಹುದು, ಕೆಲವೊಮ್ಮೆ ತಲೆಕೆಳಗಾಗಿ. ಅದನ್ನು ತೆಗೆಸದೆ ಯಾವ ಕ್ಲಿಪ್ಪೂ ಕೆಲಸ ಮಾಡುವುದಿಲ್ಲ.

ನಲವತ್ತು ದಾಟಿದವರ ವಿಷಯ ಬೇರೆಯೇ. "ಮೊದಲು ಇರಲಿಲ್ಲ, ಈಗೀಗ ಬಂದಿದೆ" ಅಂದರೆ ನಾನು ಮೊದಲು ನೋಡುವುದು ಒಸಡನ್ನು. ರಕ್ತ, ಕೀವು, ಹಲ್ಲು ಅಲುಗಾಟ ಇದ್ದರೆ ಮೂಳೆ ಕರಗುತ್ತಿದೆ, ಅದಕ್ಕೆ ಹಲ್ಲು ಜಾಗ ಬಿಡುತ್ತಿದೆ. ಸಕ್ಕರೆ ಕಾಯಿಲೆ, ಬೀಡಿ, ಗುಟ್ಕಾ ಇದನ್ನು ಬೇಗ ಬೆಳೆಸುತ್ತವೆ. ಒಸಡು ವಾಸಿಯಾಗಿ, ಸಕ್ಕರೆ ಹತೋಟಿಗೆ ಬಂದ ಮೇಲಷ್ಟೇ ಕ್ಲಿಪ್ ಹಾಕುತ್ತೇನೆ, ಅದೂ ತುಂಬಾ ಹಗುರ ಎಳೆತದಲ್ಲಿ. ಉರಿಯುತ್ತಿರುವ ಒಸಡಿನಲ್ಲಿ ಹಲ್ಲು ಎಳೆದರೆ ಉಳಿದ ಮೂಳೆಯೂ ಹೋಗುತ್ತದೆ.

ರಬ್ಬರ್ ಬ್ಯಾಂಡ್ ಬಗ್ಗೆ ಕೈಮುಗಿದು ಹೇಳುತ್ತೇನೆ. ಮೊಬೈಲಿನಲ್ಲಿ ನೋಡಿ ಎರಡು ಹಲ್ಲಿಗೆ ರಬ್ಬರ್ ಹಾಕಿಕೊಂಡ ಕಾಲೇಜು ಹುಡುಗ ಒಬ್ಬ ಬಂದಿದ್ದ. ಸಂದಿ ಮುಚ್ಚಿತ್ತು, ರಬ್ಬರ್ ಎಲ್ಲೋ ಬಿದ್ದುಹೋಗಿದೆ ಅಂದುಕೊಂಡಿದ್ದ. ಅದು ಬಿದ್ದಿರಲಿಲ್ಲ. ಬೇರು ತುದಿಗೆ ಹೋದಂತೆ ಸಣ್ಣದಾಗುತ್ತದೆ ಅಲ್ವಾ, ರಬ್ಬರ್ ಅದರ ಮೇಲೆ ಜಾರುತ್ತಾ ಒಸಡಿನೊಳಗೆ ಹೋಗಿತ್ತು. ಎಕ್ಸ್‌ರೇಯಲ್ಲಿ ರಬ್ಬರ್ ಕಾಣುವುದಿಲ್ಲ, ಸುತ್ತ ಕರಗಿದ ಮೂಳೆ ಮಾತ್ರ ಕಾಣುತ್ತದೆ. ಒಸಡು ಬಿಡಿಸಿ ತೆಗೆಸಿದೆವು. ಹಲ್ಲು ಉಳಿಯಿತು, ಆದರೆ ಹೋದ ಮೂಳೆ ಪೂರ್ತಿ ವಾಪಸ್ ಬರಲಿಲ್ಲ. ಹೀಗೆ ಎರಡೂ ಹಲ್ಲು ಕಳೆದುಕೊಂಡವರಿದ್ದಾರೆ. ದಯವಿಟ್ಟು ಮಾಡಬೇಡಿ.

ಟೀಚರ್ ಅವರಿಗೆ ಕ್ಲಿಪ್ ತೆಗೆದ ದಿನವೇ ಹಲ್ಲುಗಳ ಹಿಂದೆ, ಒಂದು ಕೋರೆಯಿಂದ ಇನ್ನೊಂದು ಕೋರೆಯವರೆಗೆ, ಹಲ್ಲು ಮತ್ತೆ ದೂರವಾಗದಂತೆ ತೆಳು ಹುರಿ ವೈರ್ ಅಂಟಿಸಿದೆ. ಅದು ಹೊರಗೆ ಕಾಣುವುದಿಲ್ಲ. ಮೂಳೆ ಕೆಲವು ತಿಂಗಳಲ್ಲಿ ಗಟ್ಟಿಯಾಗುತ್ತದೆ, ಒಸಡಿನ ನಾರುಗಳಿಗೆ ವರ್ಷ ಬೇಕು. ಮಧ್ಯದ ಸಂದಿ ಇದ್ದವರಿಗೆ ನಾನು ವರ್ಷದ ಲೆಕ್ಕ ಹೇಳುವುದಿಲ್ಲ, ವೈರ್ ಇರುವಷ್ಟು ಕಾಲ ಇರಲಿ ಅನ್ನುತ್ತೇನೆ. ರಾತ್ರಿಗೆ, ಹಲ್ಲು ಜರುಗದಂತೆ ಹಿಡಿಯುವ, ಬೇಕಾದಾಗ ತೆಗೆದು ಹಾಕಿಕೊಳ್ಳುವ ಪ್ಲೇಟ್ ಬೇರೆ ಕೊಟ್ಟಿದ್ದೇನೆ. ವೈರಿನ ಕೆಳಗೆ ಪಾಚಿ ಕಟ್ಟುತ್ತದೆ, ಅದಕ್ಕೆ ಸಂದಿಯಲ್ಲಿ ತೂರುವ ಸಣ್ಣ ಬ್ರಶ್ ದಿನಾ ಬಳಸಬೇಕು. ನಾಲಿಗೆಗೆ ವೈರ್ ಚುಚ್ಚಿದಂತಾದರೆ ಒಂದು ಕಡೆ ಅಂಟು ಬಿಟ್ಟಿದೆ ಅಂತ ಅರ್ಥ. ಮುಂದಿನ ತಪಾಸಣೆಯವರೆಗೆ ಕಾಯದೆ ಅದೇ ವಾರ ಬನ್ನಿ, ಅಲ್ಲಿಯವರೆಗೆ ಹಗಲೂ ಪ್ಲೇಟ್ ಹಾಕಿಕೊಂಡಿರಿ. ಪ್ಲೇಟನ್ನು ತಣ್ಣೀರಿನಲ್ಲೇ ತೊಳೆಯಿರಿ. ಬಿಸಿನೀರು ತಾಗಿದರೆ ಅದು ಸೊಟ್ಟಗಾಗುತ್ತದೆ, ಮತ್ತೆ ಅಚ್ಚು ತೆಗೆದು ಹೊಸದು ಮಾಡಿಸಬೇಕಾಗುತ್ತದೆ.