ಕ್ಲಾಸ್-ಡಿ ಆಂಪ್ ಜೋಡಿಸುವಾಗ ಕಾಯಿಲ್ ಹತ್ತಿರ ಎಡವಬೇಡಿ

ಕಳೆದ ಗಣೇಶ ಹಬ್ಬಕ್ಕೆ ನಮ್ಮ ಬೀದಿಯ ಹುಡುಗರು ತಾವೇ ಕ್ಲಾಸ್-ಡಿ ಆಂಪ್ (ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್) ಜೋಡಿಸಿದರು. ಹಳೇ ಕಾಲದ 4440 ಚಿಪ್ಪಿನ ಆಂಪ್ ಬೋರ್ಡಿನ ಅಭ್ಯಾಸದಲ್ಲಿ ಸ್ಪೀಕರುಗಳ ಮೈನಸ್ ವೈರುಗಳನ್ನು ಗ್ರೌಂಡಿಗೆ ಬೆಸೆದರು. ಬೋರ್ಡು ಉಸಿರೇ ಎತ್ತಲಿಲ್ಲ. ಈ ತಪ್ಪನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕ್ಲಾಸ್-ಡಿ ಅಂದರೆ ಡಿಜಿಟಲ್ ಅಲ್ಲ. ಎ, ಬಿ, ಸಿ ಆದಮೇಲೆ ಬಂದ ಅಕ್ಷರ, ಅಷ್ಟೇ. ಹಳೇ ಆಂಪಿನಲ್ಲಿ ಟ್ರಾನ್ಸಿಸ್ಟರ್ ಅರ್ಧ ತಿರುಗಿಸಿದ ನಲ್ಲಿಯ ಹಾಗೆ. ತಡೆದ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಇಲ್ಲಿ ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಪೂರ್ತಿ ಆನ್, ಇಲ್ಲವೇ ಪೂರ್ತಿ ಆಫ್. ಚಿಪ್ಪು ಹಾಡನ್ನು ಒಂದು ತ್ರಿಕೋನ ಅಲೆಯ ಜೊತೆ ಹೋಲಿಸುತ್ತದೆ. ಹಾಡು ಮೇಲಿದ್ದಷ್ಟು ಹೊತ್ತು ಆನ್, ಕೆಳಗಿಳಿದರೆ ಆಫ್. ಹಾಡು ಏರಿದರೆ ಪಲ್ಸ್ ಅಗಲ, ಇಳಿದರೆ ಕಿರಿದು. ಇದು ಸೆಕೆಂಡಿಗೆ 4 ಲಕ್ಷ ಸಲ, ಅಂದರೆ 400 ಕಿಲೋಹರ್ಟ್ಸ್‌ನಲ್ಲಿ ನಡೆಯುತ್ತದೆ.

ಟಿಪಿಎ3116 ಅನ್ನುವ ಕ್ಲಾಸ್-ಡಿ ಚಿಪ್ಪಿನ ಬೋರ್ಡ್ ತನ್ನಿ, ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಸಾಕು. 4 ಓಮ್ ಸ್ಪೀಕರಿಗೆ ಸುಮಾರು 40 ವ್ಯಾಟ್ ಸಿಗುತ್ತದೆ. ಡಬ್ಬದ ಮೇಲೆ ಸಾವಿರ ವ್ಯಾಟ್ ಪಿಎಂಪಿಒ (ಉಬ್ಬಿಸಿ ಹೇಳುವ ವ್ಯಾಟ್ ಲೆಕ್ಕ) ಅಂತ ಬರೆದಿದ್ದರೆ ಕೊಳ್ಳಲೇಬೇಡಿ.

ಇನ್ನು ಕಾಯಿಲ್, ಅಂದರೆ ಸುರುಳಿ ಸುತ್ತಿದ ತಂತಿ. ಚಿಪ್ಪಿನಿಂದ ಬರುವುದು ಹಾಡಲ್ಲ, ಬರೀ ಪಲ್ಸು. ಕಾಯಿಲ್ ಕರೆಂಟನ್ನು ಥಟ್ಟನೆ ಬದಲಾಗಲು ಬಿಡುವುದಿಲ್ಲ. ಉಳಿದ ಕುಲುಕಾಟವನ್ನು ಕೆಪಾಸಿಟರ್ ನುಂಗುತ್ತದೆ. ಆಗ ಹಾಡು ಮಾತ್ರ ಉಳಿಯುತ್ತದೆ. 4 ಓಮಿಗೆ 10 ಮೈಕ್ರೋಹೆನ್ರಿ ಕಾಯಿಲ್, 0.68 ಮೈಕ್ರೋಫ್ಯಾರಡ್ ಕೆಪಾಸಿಟರ್. ಇದು ಸುಮಾರು 61 ಕಿಲೋಹರ್ಟ್ಸ್ ಮೇಲಿನದನ್ನು ತಡೆಯುತ್ತದೆ. ನಮ್ಮ ಕಿವಿ 20ಕ್ಕೇ ನಿಲ್ಲುತ್ತದಲ್ವಾ, ಹಾಡಿಗೆ ಏನೂ ಆಗಲ್ಲ.

ಅಗ್ಗದ ಬೋರ್ಡುಗಳಲ್ಲಿ ಬೆರಳ ತುದಿಯಷ್ಟು ಕಾಯಿಲ್ ಇರುತ್ತದೆ. ವಾಲ್ಯೂಮ್ ಏರಿಸಿದಾಗ ಅದರೊಳಗಿನ ಕೋರ್ (ತಂತಿ ಸುತ್ತಿದ ತಿರುಳು) ಕಾಂತಶಕ್ತಿಯಿಂದ ತುಂಬಿಹೋಗಿ, ಕಾಯಿಲ್ ಬರೀ ತಂತಿಯಂತಾಗುತ್ತದೆ. ಹಾಡು ಒಡೆಯುತ್ತದೆ, ಕಾಯಿಲ್ ಮುಟ್ಟಲಾಗದಷ್ಟು ಬಿಸಿ. 19 ವೋಲ್ಟಿಗೆ 4 ಓಮಿನಲ್ಲಿ ಕರೆಂಟ್ 5 ಆಂಪಿಯರ್ ಹತ್ತಿರ ಹೋಗುತ್ತದೆ. ಹಾಗಾಗಿ 7 ಆಂಪಿಯರ್ ತಡೆಯುವ ಕಾಯಿಲ್ ತನ್ನಿ. ಒಂದು ಸ್ಪೀಕರಿಗೆ ಎರಡು, ಎರಡು ಸ್ಪೀಕರಿಗೆ ಒಟ್ಟು ನಾಲ್ಕು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡಿನಲ್ಲಿ ಕೇಳುವಾಗ ಹೆನ್ರಿ ಮಾತ್ರವಲ್ಲ, ಆಂಪಿಯರನ್ನೂ ಹೇಳಿ. ಕೆಪಾಸಿಟರ್ ಫಿಲ್ಮಿನದೇ ಇರಲಿ, ಅಗ್ಗದ ಸೆರಾಮಿಕ್ ವೋಲ್ಟೇಜ್ ಏರಿದಂತೆ ಮೈಕ್ರೋಫ್ಯಾರಡ್ ಕಳೆದುಕೊಳ್ಳುತ್ತದೆ. ಎಲ್ಲವನ್ನೂ ಚಿಪ್ಪಿಗೆ ಅಂಟಿಕೊಂಡ ಹಾಗೆ ಬೆಸೆಯಿರಿ. ಪಿಎಎಂ8403ನಂಥ 3 ವ್ಯಾಟಿನ ಪುಟ್ಟ ಬೋರ್ಡು ಗಿಡ್ಡ ವೈರಿನಲ್ಲಿ ಕಾಯಿಲ್ ಇಲ್ಲದೆಯೂ ಹಾಡುತ್ತದೆ. ಅದನ್ನು ನೋಡಿ ಇಲ್ಲೂ ಕಾಯಿಲ್ ಬಿಟ್ಟುಬಿಡಬೇಡಿ.

ಸ್ಪೀಕರ್ ಹಾಕುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಹಾಡು ಇಲ್ಲದಾಗ ಪ್ಲಸ್‌ನಿಂದ ಗ್ರೌಂಡಿಗೆ ಸಾಮಾನ್ಯವಾಗಿ 9.5 ವೋಲ್ಟ್ ಹತ್ತಿರ ತೋರಿಸುತ್ತದೆ. ಮೈನಸ್‌ನಿಂದ ಗ್ರೌಂಡಿಗೂ ಅಷ್ಟೇ! ಅಂದರೆ ಈ ಮೈನಸ್ ಗ್ರೌಂಡೇ ಅಲ್ಲ, ಇನ್ನೊಂದು ಔಟ್‌ಪುಟ್. ಹುಡುಗರು ಎಡವಿದ್ದು ಇಲ್ಲೇ. ಪ್ಲಸ್ ಮೈನಸ್ ನಡುವೆ ಮಾತ್ರ ಸೊನ್ನೆ ಹತ್ತಿರ ಇರಬೇಕು. ನಾಲ್ಕೂ ವೈರು ಬೇರೆ ಬೇರೆಯಾಗಿಯೇ ಸ್ಪೀಕರಿಗೆ ಹೋಗಲಿ.

ಕೊನೆಗೆ ಒಂದು ಮೀಡಿಯಂ ವೇವ್ ರೇಡಿಯೊವನ್ನು ಸ್ಪೀಕರ್ ವೈರಿನ ಪಕ್ಕ ಇಟ್ಟು 800 ಮತ್ತು 1200 ಕಿಲೋಹರ್ಟ್ಸ್ ಹತ್ತಿರ ತಿರುಗಿಸಿ. ಚಿಪ್ಪಿನ 400 ಕಿಲೋಹರ್ಟ್ಸ್‌ನ ದುಪ್ಪಟ್ಟು, ಮೂರುಪಟ್ಟು ಅಲ್ಲೇ ಬೀಳುತ್ತವೆ. ಜೋರಾಗಿ ಗೊರ್ ಅಂದರೆ ಕಾಯಿಲಿನ ಬೆಸುಗೆಯನ್ನು ಇನ್ನೊಮ್ಮೆ ನೋಡಿ.